ಎರಡು ಸೀಮೆಯ ಗಂಡಸು ಮೇಷ್ಟ್ರುಗಳನ್ನು ಎಣಿಸಿದ್ದು

ನಾನು ಓದು ಬಿಟ್ಟದ್ದು ೧೯೩೧ರಲ್ಲಿ, ನಾಲ್ಕನೇ ತರಗತಿ ಮುಗಿಯುವ ಮೊದಲು. ನಮ್ಮೂರಿನ ಶಾಲೆಗೆ ಇದ್ದವರು ಒಬ್ಬರೇ ಮೇಷ್ಟ್ರು. ಯುಗಾದಿಗೆಂದು ರಜೆ ಕೊಟ್ಟು ಹೋದವರು ಮೈಸೂರು ಸೀಮೆಯಲ್ಲಿ ಕೆಲಸ ಸಿಕ್ಕಿತೆಂದು ಅಲ್ಲೇ ಉಳಿದರು. ಬದಲಿ ಬರಲಿಲ್ಲ. ಮುಂಗಾರು ಬರುವ ಹೊತ್ತಿಗೆ ಶಾಲೆಯ ಜಗಲಿಯ ಮೇಲೆ ಯಾರೋ ಹುರುಳಿ ಮೂಟೆ ಜೋಡಿಸಿದ್ದರು. ಮಗ್ಗಿಯಲ್ಲಿ ನಾನು ಹದಿನಾರಕ್ಕೆ ನಿಂತಿದ್ದೆ. ಹದಿನೇಳನ್ನು ಯಾರೂ ಹೇಳಿಕೊಡಲಿಲ್ಲ.

ಹದಿಮೂರು ವರ್ಷದ ನಂತರ, ಯುದ್ಧ ನಡೆಯುತ್ತಿದ್ದಾಗ, ನಾನು ಹೊಸೂರಿನಲ್ಲಿ ಶಾಲಾ ಇನ್ಸ್‌ಪೆಕ್ಟರ ಕಚೇರಿಯ ಜವಾನ. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ, ಕೆಳಗೆ ಸ್ವಂತ ಸೈಕಲ್ಲು. ಕನ್ನಡ, ತೆಲುಗು, ತಮಿಳು ಮೂರನ್ನೂ ಓದುತ್ತಿದ್ದೆ. ಶಾಲೆಯಲ್ಲಿ ಕಲಿತದ್ದು ಕನ್ನಡ ಮಾತ್ರ. ಉಳಿದೆರಡನ್ನು ಅಂಗಡಿ ಬೋರ್ಡು, ಸಂತೆ ಚೀಟಿ ನೋಡಿ ನಾನೇ ಸಂಪಾದಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಗ ನಮಗೆ ಮೈಸೂರು ಬೇರೆ ದೇಶ. ಬಾಗಲೂರು ದಾಟಿ ಸ್ವಲ್ಪ ದೂರ ಹೋದರೆ ಹೊಲಗಳ ನಡುವೆ ಒಂದು ಗಡಿಕಲ್ಲು. ಈ ಕಡೆ ಇಂಗ್ಲಿಷರ ಸೀಮೆ, ಆ ಕಡೆ ಮಹಾರಾಜರದು. ಮದುವೆ, ತಿಥಿ, ಜಗಳ ಎಲ್ಲ ಎರಡೂ ಕಡೆಯವರು ಸೇರಿಯೇ ಮಾಡುತ್ತಿದ್ದರು. ಕಾನೂನು, ಸುಂಕ, ಶಾಲೆ ಮಾತ್ರ ಬೇರೆ ಬೇರೆ.

ಇನ್ಸ್‌ಪೆಕ್ಟರು ಕಾವೇರಿ ಕಡೆಯ ತಮಿಳರು. ಕನ್ನಡ ಅವರಿಗೆ ಬಾರದು. ಒಂದು ಬೆಳಿಗ್ಗೆ ನನ್ನನ್ನು ಒಳಗೆ ಕರೆದರು.

"ನಮ್ಮ ಗಂಡಸು ಮೇಷ್ಟ್ರುಗಳು ಒಬ್ಬೊಬ್ಬರಾಗಿ ಮೈಸೂರಿಗೆ ಹೋಗುತ್ತಿದ್ದಾರೆ ಎಂದು ನಾನು ಬರೆದರೆ, ಮೇಲಿನವರು ಲೆಕ್ಕ ಎಲ್ಲಿ ಎಂದು ಕೇಳುತ್ತಾರಪ್ಪಾ," ಎಂದು ತಮಿಳಿನಲ್ಲಿ ಹೇಳಿದರು. "ಗಡಿಗೆ ಹತ್ತಿರದ ಹತ್ತು ಶಾಲೆ ನಮ್ಮದು, ಹತ್ತು ಅವರದು. ಎರಡೂ ಕಡೆ ಎಷ್ಟು ಗಂಡಸರು ಪಾಠ ಮಾಡುತ್ತಿದ್ದಾರೆ, ಎಣಿಸಿಕೊಂಡು ಬಾ. ರಿಜಿಸ್ಟರು ನೋಡು, ಆದರೆ ನಂಬಬೇಡ. ಆಳನ್ನು ಕಣ್ಣಲ್ಲಿ ನೋಡಿದರೆ ಮಾತ್ರ ಬರೆದುಕೋ."

ಆ ಕಡೆಯ ಅಧಿಕಾರಿಗೆ ಕಾಗದ ಬರೆದು ಒಪ್ಪಿಗೆ ತರಿಸಿಟ್ಟಿದ್ದರು. ನಾನು ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. ಒಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಹೆಸರು ಮಾತ್ರ ಇದ್ದು ಆಳಿಲ್ಲದಿದ್ದರೆ ಆ ಶಾಲೆಯ ಮಾನ್ಯತೆಯನ್ನು ಅವತ್ತೇ ತೆಗೆದುಹಾಕುತ್ತಾರಂತೆ. ಮಾನ್ಯತೆ ಹೋದರೆ ಗ್ರಾಂಟು ಹೋಗುತ್ತದೆ, ಗ್ರಾಂಟು ಹೋದರೆ ಬಾಗಿಲು ಹಾಕುತ್ತಾರೆ. ಅದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹೊರಗೆ ಹೆಡ್ ಗುಮಾಸ್ತರು ನಶ್ಯದ ಡಬ್ಬಿ ತೆರೆದು ಕೂತಿದ್ದರು.

"ಬಾಪ್ಪಾ, ನಾಕನೇ ಕ್ಲಾಸು ಇನ್ಸ್‌ಪೆಟ್ರೇ. ಮೇಷ್ಟ್ರುಗಳ್ನ ಎಣ್ಸೋಕೆ ಬೆಳ್ಳು ಸಾಕಾಯ್ತವಾ, ನನ್ನವೂ ಕೊಡ್ಲಾ?"

"ನಿಮ್ಮವು ನಶ್ಯಕ್ಕೆ ಬೇಕಾಯ್ತವೆ ಬುಡಿ ಸ್ವಾಮಿ," ಎಂದೆ.

ಫಾರಂ ಒಂದು ದೊಡ್ಡ ಹಾಳೆ. ಎಡಗಡೆ ಶಾಲೆಯ ಊರು, ಆಮೇಲೆ ರಿಜಿಸ್ಟರಿನಲ್ಲಿರುವ ಗಂಡಸರು, ಆಮೇಲೆ ಕಣ್ಣಾರೆ ಕಂಡ ಗಂಡಸರು, ಕೊನೆಗೆ ಊರಿನ ಮುಖ್ಯಸ್ಥನ ಸಹಿ ಅಥವಾ ಹೆಬ್ಬೆಟ್ಟು. ಕಾಗದಕ್ಕೆ ಬರವಿದ್ದ ಕಾಲ. ಕೊಟ್ಟದ್ದು ಒಂದೇ ಹಾಳೆ. ಬರೆಯಲು ಕಾಪಿ ಪೆನ್ಸಿಲು. ನಾಲಿಗೆಗೆ ಮುಟ್ಟಿಸಿ ಬರೆದರೆ ನೇರಳೆ ಬಣ್ಣಕ್ಕೆ ತಿರುಗಿ ಕಾಗದಕ್ಕೆ ಹಿಡಿದುಬಿಡುತ್ತದೆ. ಆಮೇಲೆ ರಬ್ಬರಿಗೂ ಹೋಗದು, ನೀರಿಗೂ ಹೋಗದು. ಆದ್ದರಿಂದ ಮೊದಲು ನನ್ನ ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಖಾತ್ರಿಯಾದ ಮೇಲೆ ಫಾರಂಗೆ ಏರಿಸುವುದೆಂದು ನಿಶ್ಚಯಿಸಿದೆ. ಕಂಡ ಮೇಷ್ಟ್ರಿಗೆ ಒಂದು ಉದ್ದ ಕಡ್ಡಿ. ಸಹಿ ಇದ್ದು ಆಳು ಕಾಣದಿದ್ದರೆ ಅರ್ಧ ಕಡ್ಡಿ. ಅರ್ಧ ಕಡ್ಡಿಯ ಊರಿಗೆ ಎರಡನೇ ಸಲ ಹೋಗಲೇಬೇಕು. ಇದು ನಾನೇ ಮಾಡಿಕೊಂಡ ಕಾಯಿದೆ.

ಮೊದಲ ದಿನವೇ ಕೆಲಸ ಕೆಟ್ಟಿತು. ಬೆಳಿಗ್ಗೆಯಿಂದ ಮೂರು ಊರು ಸುತ್ತಿದೆ. ಮೂರರಲ್ಲೂ ಮಕ್ಕಳು ಗದ್ದಲ ಮಾಡುತ್ತಾ ಕೂತಿದ್ದರು, ಮೇಷ್ಟ್ರುಗಳಿಲ್ಲ. ಐದು ಅರ್ಧ ಕಡ್ಡಿ ಬಿತ್ತು. ನಾಲ್ಕನೆಯ ಊರಿಗೆ ಹೋಗುವಾಗ ಬಾಗಲೂರಿನ ಸಂತೆ ಅಡ್ಡ ಬಂತು. ಐದೂ ಜನ ಅಲ್ಲಿದ್ದರು. ಒಬ್ಬರು ಅವರೆಕಾಯಿ ಚೌಕಾಸಿ ಮಾಡುತ್ತಿದ್ದರು. ಬಿಲ್ಲೆ ನೋಡಿ ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡರು.

ಅವರನ್ನು ಸಂತೆಯಲ್ಲಿ ಎಣಿಸಿದರೆ ಅದು ಶಾಲೆಯ ಲೆಕ್ಕವಾಗುವುದಿಲ್ಲ. ಆ ಸಂಜೆ ಕೂತು ಯಾವ ಊರಿನವರು ಯಾವ ವಾರ ಯಾವ ಸಂತೆಗೆ ಹೋಗುತ್ತಾರೆ ಎಂದು ಪಟ್ಟಿ ಮಾಡಿದೆ. ನಮ್ಮ ಕಡೆಯವರು ಕೆಲವರು ಆ ಕಡೆಯ ಸಂತೆಗೆ, ಆ ಕಡೆಯವರು ಕೆಲವರು ಈ ಕಡೆಗೆ ಬರುತ್ತಿದ್ದರು. ಸಂತೆಯಿಲ್ಲದ ದಿನಕ್ಕೆ ಆಯಾ ಊರನ್ನು ಸೇರಿಸಿ ಇಪ್ಪತ್ತು ಶಾಲೆಯ ದಾರಿಯನ್ನು ಹೊಸದಾಗಿ ಹಾಕಿಕೊಂಡೆ. ಸುತ್ತು ಜಾಸ್ತಿಯಾಯಿತು, ಆದರೆ ಅರ್ಧ ಕಡ್ಡಿಗಳು ಉದ್ದವಾಗತೊಡಗಿದವು.

ಗಡಿಯಲ್ಲಿ ಇನ್ನೊಂದು ತೊಡಕು. ಒಂದು ಸೀಮೆಯ ರಾಗಿ ಇನ್ನೊಂದಕ್ಕೆ ದಾಟಬಾರದೆಂದು ಕಾವಲು. ಕಾವಲಿನವನು ದಿನವೂ ನನ್ನ ಚೀಲಕ್ಕೆ ಕೋಲು ಹಾಕಿ ನೋಡುತ್ತಿದ್ದ.

"ಏನೈತೆ ಇದ್ರಾಗೆ?"

"ಮೇಷ್ಟ್ರುಗಳು."

"ಎಷ್ಟು ಪಲ್ಲ?"

"ಇನ್ನೂ ಅಳೀತಾ ಇವ್ನಿ ಕಣಪ್ಪ."

ಹತ್ತನೇ ದಿನದ ಹೊತ್ತಿಗೆ ನಮ್ಮ ಕಡೆ ಒಂಬತ್ತು ಶಾಲೆ ಮುಗಿದಿತ್ತು. ಎರಡು ಊರಿನಲ್ಲಿ ಒಬ್ಬೊಬ್ಬರು ಮಿಲಿಟರಿಗೆ ಸೇರಿ ಹೋಗಿದ್ದರು, ಹೆಸರು ಮಾತ್ರ ಉಳಿದಿತ್ತು. ಅಲ್ಲಿ ಎರಡನೆಯ ಮೇಷ್ಟ್ರಿದ್ದರು, ಶಾಲೆಗೆ ಅಪಾಯವಿರಲಿಲ್ಲ. ಕಂಡವರು ಹನ್ನೊಂದು ಜನ.

ಹತ್ತನೆಯದು ಗಡಿಕಲ್ಲಿಗೆ ಒಂದು ಮೈಲಿ ಈಚೆ, ಮೂವತ್ತು ಮನೆಯ ಊರು. ಅದರ ಶಾಲೆಗೆ ಸುತ್ತಲಿನ ಮೂರು ಹಟ್ಟಿಯ ಮಕ್ಕಳೂ ಬರುತ್ತಿದ್ದರು. ಮೇಷ್ಟ್ರು ಒಬ್ಬರೇ, ಶಾಲೆ ಅವರ ಮನೆಯ ಜಗಲಿಯಲ್ಲೇ. ನಾನು ಸೈಕಲ್ಲು ಒರಗಿಸಿದಾಗ ಜಗಲಿಯ ಮೇಲೆ ಮೇಷ್ಟ್ರ ಹೆಂಡತಿ ನಿಂತಿದ್ದರು, ಕೈಯಲ್ಲಿ ಬಳಪ. ಇಪ್ಪತ್ತಾರು ಮಕ್ಕಳು. ಊರಿನ ಗೌಡರು ಎದುರಿನ ಕಟ್ಟೆಯಿಂದಲೇ ಕೂಗಿದರು.

"ಏನ್ಲಾ, ಬಿಲ್ಲೆ ಹಾಕ್ಕೊಂಡು ಬಂದ್ಬುಟ್ಟಿದ್ದೀಯ, ಯಾರ್ನ ಹಿಡ್ಕೊಂಡೋಗಕೆ?"

"ಎಣ್ಸಕೆ ಬಂದಿವ್ನಿ ಗೌಡ್ರೇ. ಮೇಷ್ಟ್ರು ಎಲ್ಲಿ?"

ಉತ್ತರ ಆಕೆಯಿಂದ ಬಂತು. "ಸೀಮೆಣ್ಣೆ ಕೊಡ್ತಾರಂತೆ ಅಂತ ಬಾಗಲೂರಿಗೆ ಹೋದ್ರು. ಇವತ್ತೊಂದಿನ ನಾನು ನೋಡ್ಕೋತಾ ಇವ್ನಿ."

"ಅವ್ರ ಹೆಸ್ರೇನಕ್ಕ? ರಿಜಿಸ್ಟರಿಗೆ ತಾಳೆ ನೋಡ್ಬೇಕು."

ಆಕೆ ನಕ್ಕು ಬಾಗಿಲ ಕಡೆ ತಿರುಗಿದರು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಾನು ಕೇಳಿದ್ದೇ ತಪ್ಪು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಎದ್ದು ಹೇಳಿದಳು. ರಿಜಿಸ್ಟರು ತೆರೆದೆ. ಅವತ್ತಿನ ಸಹಿ ಇತ್ತು, ದುಂಡಗೆ, ನೆಟ್ಟಗೆ. ಬೆರಳಿಟ್ಟರೆ ಮಸಿ ಅಂಟಿತು. ಬೆಳಿಗ್ಗೆ ಬಾಗಲೂರಿಗೆ ಹೊರಟವರ ಸಹಿ ಹತ್ತೂವರೆಗೆ ಹಸಿಯಾಗಿರಬಾರದು. ಆಕೆಯ ಬಲಗೈ ತೋರುಬೆರಳಲ್ಲೂ ಅದೇ ಮಸಿ. ರಿಜಿಸ್ಟರು ಮುಚ್ಚಿದೆ. ಅರ್ಧ ಕಡ್ಡಿ ಎಳೆದುಕೊಂಡು ಬಂದೆ.

ಎರಡು ದಿನ ಬಿಟ್ಟು ಆ ಕಡೆಯ ಕೊನೆಯ ಶಾಲೆ. ಹೆಂಚಿನ ಕಟ್ಟಡ, ಮೂವರು ಮೇಷ್ಟ್ರುಗಳು. ಅಷ್ಟರಲ್ಲಿ ನಾನು ಇನ್ನೊಂದು ಎಚ್ಚರ ಕಲಿತಿದ್ದೆ. ಹಿಂದೆ ಒಂದು ಊರಲ್ಲಿ ಮೇಷ್ಟ್ರ ಭಾವಮೈದುನನನ್ನು ಕುರ್ಚಿಯಲ್ಲಿ ಕೂರಿಸಿ ತೋರಿಸಿದ್ದರು. ಅಂದಿನಿಂದ ಪ್ರತಿ ಮೇಷ್ಟ್ರ ಕೈಲೂ ನನ್ನ ಪುಸ್ತಕದಲ್ಲಿ ಹೆಸರು ಮತ್ತು ಸ್ವಂತ ಊರು ಬರೆಸಿಕೊಳ್ಳುತ್ತಿದ್ದೆ. ಮೂರನೆಯವರು ಬರೆದು ಪುಸ್ತಕ ವಾಪಸು ಕೊಟ್ಟರು. ಅದೇ ಹೆಸರು. ಅದೇ ಮೂವತ್ತು ಮನೆಯ ಊರು. ಅಕ್ಷರ ಮಾತ್ರ ಓರೆ, ಒಂದರ ಮೇಲೊಂದು ಬೀಳುವಂಥದ್ದು.

ನಾನು ತಲೆಯೆತ್ತುವ ಮೊದಲೇ ಅವರು, "ಹೊರಗೆ ಬಾ ಅಣ್ಣ," ಎಂದರು. ಹುಣಸೆಮರದ ಕೆಳಗೆ ನಿಂತೆವು.

"ಮೊನ್ನೆ ನಮ್ಮನೆ ಕಡೆ ಬಂದಿದ್ಯಂತೆ."

"ಸೀಮೆಣ್ಣೆ ಸಿಕ್ತಾ ಮೇಷ್ಟ್ರೇ?"

ಅವರಿಗೆ ನಗು ತಡೆಯಲಾಗಲಿಲ್ಲ. "ಎಲ್ಲಿ ಸಿಕ್ತದೆ ಬುಡು." ಆಮೇಲೆ ಹೇಳಿದರು. ಅಲ್ಲಿ ಇದ್ದವರೊಬ್ಬರು ಯುದ್ಧಕ್ಕೆ ಹೋಗಿದ್ದಾರೆ, ಅವರ ಜಾಗಕ್ಕೆ ಇವರು. ಆತ ಬಂದ ದಿನ ಇವರು ಇಳಿಯಬೇಕು. ನಮ್ಮ ಕಡೆಯದನ್ನು ಬಿಟ್ಟರೆ ಆಮೇಲೆ ಎರಡೂ ಇಲ್ಲ. "ಅದ್ಕೇ ಒಂದು ಕಾಲು ಅಲ್ಲೇ ಇಟ್ಟಿವ್ನಿ."

"ಕಾಲು ಇಟ್ಟಿರೋರು ಅಕ್ಕಾವ್ರು. ನೀವು ಬರೀ ಹೆಸ್ರು ಇಟ್ಟಿದ್ದೀರಿ."

"ಎಲ್ಡು ಕಡೆನೂ ಒಂದೊಂದು ಕಡ್ಡಿ ಎಳ್ಕೊಂಡ್ಬುಡಪ್ಪ. ಎಲ್ಡು ಗೌರ್ಮೆಂಟಿಗೂ ಒಬ್ಬೊಬ್ಬ ಮೇಷ್ಟ್ರು ಸಿಕ್ದಂಗಾಯ್ತದೆ. ಯಾರ್ಗೆ ನಷ್ಟ?"

"ಇರೋ ಒಬ್ರುನ್ನ ಇಬ್ರು ಅಂತ ಬರೆಯಕಾಗಕಿಲ್ಲ ಮೇಷ್ಟ್ರೇ."

"ಅಲ್ಲಿ ಸೊನ್ನೆ ಹಾಕುದ್ರೆ ಬಾಗ್ಲು ಹಾಕ್ಬುಡ್ತಾರೆ, ಗೊತ್ತಾ ನಿಂಗೆ?"

ಗೊತ್ತು ಎಂದೆ. ಸೈಕಲ್ಲು ಹತ್ತಿದೆ.

ಹಿಂದಿರುಗುವಾಗ ಗಡಿಕಲ್ಲಿನ ಹತ್ತಿರ ಕೂತು ಬುತ್ತಿ ಬಿಚ್ಚಿದೆ. ಆತನನ್ನು ಎರಡೂ ಕಡೆ ಬರೆದರೆ ಶಾಲೆ ಉಳಿಯುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಆ ಲೆಕ್ಕದ ಮೇಲೆಯೇ ಇನ್ಸ್‌ಪೆಕ್ಟರು ನಮ್ಮ ಕಡೆಗೆ ಮೇಷ್ಟ್ರುಗಳನ್ನು ಕೇಳಬೇಕಾಗಿತ್ತು. ಆ ಕಡೆ ಮಾತ್ರ ಬರೆದು ಈ ಕಡೆ ಸೊನ್ನೆ ಹಾಕಿದರೆ ಲೆಕ್ಕ ಸರಿ, ಇಪ್ಪತ್ತಾರು ಮಕ್ಕಳ ಜಗಲಿಗೆ ಹುರುಳಿ ಮೂಟೆ ಬರುತ್ತದೆ. ಎರಡು ವಾರ ತುಳಿದ ಸೈಕಲ್ಲು ತಪ್ಪು ಲೆಕ್ಕಕ್ಕಾಗಿ ತುಳಿದದ್ದಾಗಬಾರದು ಎಂಬ ಹಟ ನನಗಿತ್ತು. ಉಂಡು ಎದ್ದರೂ ಏನೂ ತೀರ್ಮಾನವಾಗಲಿಲ್ಲ. ಅರ್ಧ ಕಡ್ಡಿಯ ಊರಿಗೆ ಎರಡನೇ ಸಲ ಹೋಗಬೇಕೆಂಬ ಕಾಯಿದೆ ಇತ್ತಲ್ಲ, ಅದರಂತೆ ಹೋದೆ.

ದೂರದಿಂದಲೇ ಮಗ್ಗಿ ಕೇಳಿಸಿತು. "ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಕು." ಸೈಕಲ್ಲು ಹಿಡಿದುಕೊಂಡು ಕೊನೆಯವರೆಗೂ ಹೊರಗೇ ನಿಂತೆ. ಹದಿನೇಳೇಳ್ಲದಲ್ಲಿ ಗೌಡರ ಮೊಮ್ಮಗ ತಪ್ಪಿದ. ಆಕೆ ಬೈಯದೆ ಹಿಂದಿನ ಸಾಲಿಗೆ ಹದಿನೇಳು ಕೂಡಿಸಲು ಹೇಳಿದರು. ಅವನು ಕೂಡಿಸಿ ನೂರಾ ಹತ್ತೊಂಬತ್ತು ಎಂದ. ನಾನೂ ಮನಸ್ಸಿನಲ್ಲಿ ಕೂಡಿಸಿದ್ದೆ.

"ಬರ್ಕೊಂಡ್ಬುಟ್ಯಾ ಅಣ್ಣಾ?" ಎಂದು ಕೇಳಿದರು.

"ಇನ್ನೂ ಇಲ್ಲಕ್ಕ. ದಿನಾ ಸೈನು ಮಾಡೋರು ನೀವೇ ಅಲ್ವಾ?"

ಆಕೆ ಬಳಪವನ್ನು ಜಗಲಿಯ ಅಂಚಿಗಿಟ್ಟರು. "ಹೂಂ. ಬಾಯಲ್ಲಿ ಹೇಳ್ಬಾರ್ದು ಅಂದವ್ರೆ ದೊಡ್ಡೋರು. ಬರೀಬಾರ್ದು ಅಂತ ಯಾರೂ ಅಂದಿಲ್ಲ."

"ನಿಮ್ದು ಓದು ಎಷ್ಟಾಗೈತೆ?"

ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಹಳೆ ರವಿಕೆ ಬಟ್ಟೆಯ ಗಂಟು ತಂದರು. ಒಳಗೆ ಮಡಿಸಿದ ಕಾಗದ. ಕೃಷ್ಣಗಿರಿಯಲ್ಲಿ ಎಂಟನೇ ತರಗತಿ, ಆಮೇಲೆ ಸೇಲಂನಲ್ಲಿ ಮೇಷ್ಟ್ರ ಟ್ರೈನಿಂಗು ಮುಗಿಸಿದ ಸರ್ಟಿಫಿಕೇಟು. ಮುದ್ರೆ, ಸಹಿ ಎಲ್ಲ ಸರಿಯಾಗಿತ್ತು.

"ಅವ್ರಿಗಿಂತ ಒಂದು ವರ್ಸ ಮುಂಚೆ ನಂದಾಯ್ತು," ಎಂದರು. "ಮದ್ವೆಯಾದ್ಮೇಲೆ ಪೆಟ್ಗೆಗೆ ಹೋಯ್ತು."

"ಇದನ್ನ ಯಾಕೆ ಯಾರ್ಗೂ ತೋರುಸ್ಲಿಲ್ಲ?"

"ಯಾರು ಕೇಳುದ್ರು? ನಿನ್ ಕಾಗ್ದದಾಗೂ ಗಂಡಸ್ರಿಗೇ ಅಲ್ವಾ ಜಾಗ ಇರೋದು?"

ಫಾರಂ ತೆಗೆದು ನೋಡಿದೆ. ಎರಡು ವಾರದಿಂದ ನೋಡುತ್ತಿದ್ದೆ, ಅದು ನನಗೆ ಹೊಳೆದಿರಲಿಲ್ಲ. ಸಹಿಯ ಸಾಲಿನ ಪಕ್ಕದಲ್ಲಿ ಎರಡು ಬೆರಳಗಲ ಖಾಲಿ ಜಾಗವಿತ್ತು.

ಅಷ್ಟರಲ್ಲಿ ಗೌಡರು ಕಟ್ಟೆಯಿಂದ ಇಳಿದು ಬಂದಿದ್ದರು. ವಿಷಯ ತಿಳಿದು ಅವರಿಗೆ ಸಿಟ್ಟು ಬಂತು.

"ಹೆಂಗ್ಸು ಹೆಸ್ರಲ್ಲಿ ಸ್ಕೂಲಾ? ಸುತ್ಲ ಊರ್ನೋರು ನಗಾಡಲ್ವೇನ್ಲಾ?"

"ಸ್ಕೂಲು ಮುಚ್ಚುದ್ರೆ ನಗಾಡಕಿಲ್ವಾ ಗೌಡ್ರೇ? ನಿಮ್ ಮೊಮ್ಮಗ ಹದ್ನೇಳ್ರಲ್ಲವ್ನೆ. ನಾನು ಹದ್ನಾರಕ್ಕೆ ನಿಂತೋನು."

"ನೀನು ನಿಂತೋನಾ ಇಲ್ವಾ ಯಾರ್ಗೆ ಬೇಕು," ಎಂದರು. ಆದರೆ ಹೋಗಲಿಲ್ಲ.

ಆಕೆ ನನ್ನನ್ನು ನೇರವಾಗಿ ಕೇಳಿದರು. "ನನ್ ಹೆಸ್ರು ಬರುದ್ರೆ ಸ್ಕೂಲು ಉಳೀತದೆ ಅಂತ ಹೇಳ್ತೀಯಾ?"

"ಹೇಳಕಾಗಕಿಲ್ಲಕ್ಕ. ಹೋದ್ರೂ ಹೋಗ್ಬೋದು. ಅರ್ಧ ಕಡ್ಡಿ ಹಿಡ್ಕೊಂಡು ಮಾತ್ರ ನಾನು ಕಚೇರಿಗೆ ಹೋಗಕಿಲ್ಲ."

ಆಕೆ ಮಕ್ಕಳ ಕಡೆ ಒಮ್ಮೆ ನೋಡಿದರು. "ಬರ್ಕೊ," ಎಂದು ತಮ್ಮ ಹೆಸರನ್ನು ಹೇಳಿದರು. ಸ್ಪಷ್ಟವಾಗಿ, ಅಪ್ಪನ ಹೆಸರಿನ ಮೊದಲ ಅಕ್ಷರ ಸೇರಿಸಿ, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಮಗುವಿನ ಸ್ಲೇಟನ್ನು ಈಸಿಕೊಂಡು ಅದರ ಚೌಕಟ್ಟಿನ ಅಂಚನ್ನು ಫಾರಂ ಮೇಲಿಟ್ಟೆ. ಪೆನ್ಸಿಲನ್ನು ನಾಲಿಗೆಗೆ ಮುಟ್ಟಿಸಿ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದೆ. ತಲೆಯಲ್ಲಿ "ಹೆಂಗಸರು" ಎಂದು ಬರೆದೆ. ಉಳಿದ ಹತ್ತೊಂಬತ್ತು ಶಾಲೆಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಒಂದರಲ್ಲೂ ಹೆಂಗಸರು ಪಾಠ ಮಾಡುತ್ತಿರಲಿಲ್ಲ. ಹತ್ತೊಂಬತ್ತು ಸೊನ್ನೆ ಹಾಕಿದೆ. ಈ ಊರಿನ ಎದುರಿಗೆ, ಕಂಡ ಗಂಡಸರು ಸೊನ್ನೆ, ಹೆಂಗಸರು ಒಂದು. ಗೌಡರು ಎರಡು ಸಲ ಕೆಮ್ಮಿ ಹೆಬ್ಬೆರಳು ಚಾಚಿದರು.

"ಒತ್ಲಾ ಬೇಗ. ಮತ್ತೆ ಮನಸ್ಸು ತಿರುಗ್ಬುಟ್ಟಾತು."

ಮರುದಿನ ಹೆಡ್ ಗುಮಾಸ್ತರು ಫಾರಂ ಬಿಚ್ಚಿ ಹಣೆ ಹಿಡಿದುಕೊಂಡರು.

"ಗೌರ್ಮೆಂಟ್ ಫಾರಂಗೆ ಗೀಟು ಹಾಕ್ಬುಟ್ಟಿದ್ದೀಯಲ್ಲೋ. ಇದೇನು ನಿಮ್ಮಪ್ಪನ ಹೊಲವಾ, ಬದು ಹಾಕೋಕೆ?"

ಇನ್ಸ್‌ಪೆಕ್ಟರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ರಿಜಿಸ್ಟರಿನ ಪ್ರಕಾರ ನಮ್ಮವರು ಹದಿನಾಲ್ಕು, ಅವರು ಹದಿನೇಳು. ಕಣ್ಣಿಗೆ ಕಂಡವರು ನಮ್ಮ ಕಡೆ ಹನ್ನೊಂದು, ಆ ಕಡೆ ಹದಿನೇಳು. ಮೂರಿದ್ದ ಅಂತರ ಆರಾಗಿತ್ತು. ಅವರಿಗೆ ಬೇಕಾಗಿದ್ದದ್ದು ಅದೇ. ಆದರೂ ಬೆರಳು ನೇರಳೆ ಗೆರೆಯ ಮೇಲೆ ನಿಂತಿತು.

"ಈ ಸಾಲನ್ನು ಯಾರು ಕೇಳಿದರು?"

"ಯಾರೂ ಕೇಳಲಿಲ್ಲ ಅಯ್ಯಾ. ಬರೀ ಸೊನ್ನೆ ಬರೆದರೆ ಅಲ್ಲಿ ಪಾಠವೇ ಇಲ್ಲ ಎಂದಾಗುತ್ತದೆ. ಪಾಠ ನಡೆಯುತ್ತಿದೆ," ಎಂದು ಎರಡೂ ಊರಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ.

"ಗಂಡ ಈ ಕಡೆಯೂ ಹೆಸರಿಟ್ಟುಕೊಂಡಿದ್ದಾನೆ. ಅದನ್ನು ಮುಚ್ಚಿಡಬೇಕೆಂದು ನಿನಗೆ ಅನ್ನಿಸಲಿಲ್ಲವೇ?"

"ಅನ್ನಿಸಿತು. ಮುಚ್ಚಿಟ್ಟಿದ್ದರೆ ಲೆಕ್ಕ ತಪ್ಪಾಗುತ್ತಿತ್ತು."

"ನೋಡದೆ ನಂಬುವುದಿಲ್ಲ," ಎಂದು ಎದ್ದರು.

ಮಾರನೆಯ ದಿನ ಇದ್ದಲು ಗ್ಯಾಸಿನ ಬಸ್ಸಿನಲ್ಲಿ ಬಾಗಲೂರಿಗೆ ಬಂದು, ಅಲ್ಲಿಂದ ನಡೆದರು. ನಾನು ಸೈಕಲ್ಲು ತಳ್ಳಿಕೊಂಡು ಪಕ್ಕದಲ್ಲಿ. ಕನ್ನಡ ಓದಿಸಿ ಪರೀಕ್ಷೆ ಮಾಡಲು ಅವರಿಗೆ ಬಾರದು. ಹಲಗೆಯ ಮೇಲೆ ಲೆಕ್ಕ ಬರೆದು ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿದರು. ಒಂದು ಗಂಟೆಯ ಮೇಲಾಯಿತು. ಆಕೆ ಗೋಡೆಗೆ ಒರಗಿ ನಿಂತಿದ್ದರು, ನೆರವಿಗೆ ಬಾಯಿ ಬಿಡಲಿಲ್ಲ. ಕೊನೆಗೆ ಇನ್ಸ್‌ಪೆಕ್ಟರು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿ, ರಿಜಿಸ್ಟರು ತರಿಸಿ, ಗಂಡನ ಹೆಸರಿನ ಮೇಲೆ ಕೆಂಪು ಮಸಿಯ ಗೆರೆ ಎಳೆದರು. ಗಂಡ ಈ ಕಡೆಯ ಕೆಲಸಕ್ಕೆ ರಾಜೀನಾಮೆ ಬರೆದು ಕಳಿಸದಿದ್ದರೆ ಮೈಸೂರಿನವರಿಗೆ ತಿಳಿಸಬೇಕಾಗುತ್ತದೆ ಎಂದು ನನ್ನ ಮೂಲಕ ಹೇಳಿಸಿದರು. ಕೆಳಗಿನ ಸಾಲಿನಲ್ಲಿ ಆಕೆಯಿಂದ ಸಹಿ ಮಾಡಿಸಿದರು. ಅಕ್ಷರ ಅದೇ ದುಂಡಗಿನದು, ಹೆಸರು ಬೇರೆ. ಮಾನ್ಯತೆ ಉಳಿಯಿತು.

ದಾರಿಯಲ್ಲಿ ನನಗೆ ಹೇಳಿದ್ದು ಇಷ್ಟೇ. "ಇನ್ನು ಮುಂದೆ ಗೆರೆ ಎಳೆಯುವ ಮೊದಲು ಕೇಳಪ್ಪಾ."

ವರದಿ ಟೈಪಾಗಿ ಮೇಲಕ್ಕೆ ಹೋಯಿತು. ಅದರಲ್ಲಿ ಗಂಡಸರ ಲೆಕ್ಕ ಮಾತ್ರ ಇತ್ತು, ಹನ್ನೊಂದು ಮತ್ತು ಹದಿನೇಳು. ಮೇಲಿನವರು ಕೇಳಿದ್ದು ಅಷ್ಟನ್ನೇ. ಹೊಸ ಮೇಷ್ಟ್ರುಗಳು ಬಂದರೋ ಎಂದರೆ, ನಾನಿದ್ದಷ್ಟು ದಿನ ಬರಲಿಲ್ಲ. ನಾನು ತುಂಬಿದ ಹಾಳೆಯನ್ನು ಹೆಡ್ ಗುಮಾಸ್ತರು ಹಿಂಬದಿಯಲ್ಲಿ ಬರೆಯಲೆಂದು ನಾಲ್ಕಾಗಿ ಕತ್ತರಿಸಲು ಹೊರಟಿದ್ದರು. ಅದನ್ನು ನನಗೆ ಕೊಡಿ ಎಂದೆ. ಒಂದು ಡಬ್ಬಿ ನಶ್ಯಕ್ಕೆ ಕೊಟ್ಟರು.

ಯುದ್ಧ ಮುಗಿದು ಆ ಕಡೆಯ ಮೇಷ್ಟ್ರು ಹಿಂದಿರುಗಿದಾಗ ಆಕೆಯ ಗಂಡ ಕೆಲಸ ಬಿಟ್ಟು ಊರಿಗೆ ಬಂದರು. ಆ ಮನೆಯಲ್ಲಿ ಆಗ ಸಹಿ ಮಾಡುವ ಕೆಲಸ ಇದ್ದದ್ದು ಒಬ್ಬರಿಗೇ.

ನಾನು ಗುಮಾಸ್ತನಾಗಲಿಲ್ಲ. ಅದಕ್ಕೆ ಓದು ಸಾಲದು. ಜವಾನನಾಗಿಯೇ ಬಿಲ್ಲೆ ಕಳಚಿದೆ.

ಈಗ ನನ್ನ ಹತ್ತಿರ ಇರುವುದು: ಸೈಕಲ್ಲು ಒಂದು, ಎರಡು ಸಲ ಚೈನು ಬದಲಾಯಿಸಿದ್ದು. ಖುಷ್ಕಿ ಹೊಲ ಎರಡು ಎಕರೆ. ಹೆಣ್ಣುಮಕ್ಕಳು ಮೂವರು, ಮೂವರಿಗೂ ಇಪ್ಪತ್ತರವರೆಗೆ ಮಗ್ಗಿ ಬರುತ್ತದೆ. ಹಾಳೆ ಒಂದು, ಮಡಿಕೆಯಲ್ಲಿ ಹರಿದಿದೆ. ನಮ್ಮ ಕಡೆ ಗಂಡಸರು ಹನ್ನೊಂದು, ಆ ಕಡೆ ಹದಿನೇಳು, ಹೆಂಗಸರು ಒಂದು.